ಸೂಜಿಮೊನೆಯಷ್ಟು ಕುಳಿ

ಬೀಳಗಿ ತಾಲ್ಲೂಕಿನ ಯಡಹಳ್ಳಿ ಚಿಂಕಾರ ಧಾಮದ ಹೊರಗಿನ ಗಾಯರಾಣದಿಂದ, ಅಂದರೆ ಊರ ದನಕುರಿ ಮೇಯುವ ಹುಲ್ಲುಗಾವಲಿನಿಂದ, ಹೋದ ಮಳೆಗಾಲದ ಕೊನೆಗೆ ತಂದಿದ್ದ ಹುಲ್ಲುಗಳನ್ನು ಈ ವಾರ ಮತ್ತೆ ಬಿಚ್ಚಿ ನೋಡಿದೆ. ಕುರಿ ಮೇಯುವ ಜಾಗಕ್ಕೂ ಬೇಲಿಯೊಳಗಿನ ಜಾಗಕ್ಕೂ ಹುಲ್ಲಿನಲ್ಲಿ ಏನು ವ್ಯತ್ಯಾಸ ಎಂಬುದು ನಮ್ಮ ಅಧ್ಯಯನದ ಪ್ರಶ್ನೆ. ಹೆಸರು ತಪ್ಪಿದರೆ ಉತ್ತರವೂ ತಪ್ಪುತ್ತದೆ. ನಾನು ತಪ್ಪಿದ್ದೆ.

ಡೈಕ್ಯಾಂಥಿಯಮ್ ಆನ್ಯುಲೇಟಮ್ ಮತ್ತು ಬೋಥ್ರಿಯೋಕ್ಲೋವಾ ಪರ್ಟ್ಯೂಸಾ ಎಂಬ ಎರಡು ಹುಲ್ಲುಗಳು ನೋಡಲು ಅಕ್ಕತಂಗಿಯರಂತಿವೆ. ಎರಡಕ್ಕೂ ತುದಿಯಲ್ಲಿ ಬೆರಳು ಬಿಡಿಸಿಟ್ಟಂಥ ತೆಳ್ಳನೆಯ ತೆನೆಗಳು. ಎರಡರ ಗಿಣ್ಣಿನಲ್ಲೂ ಬಿಳಿ ಕೂದಲು ಇರಬಹುದು. ಆದರೆ ಮೊದಲನೆಯದು ದನಕರುಗಳು ಇಷ್ಟಪಟ್ಟು ತಿನ್ನುವ ಮೇವು, ಮೇಯಿಸುವುದು ಅತಿಯಾದಲ್ಲಿ ಕ್ಷೀಣಿಸುತ್ತದೆ. ಎರಡನೆಯದು ನೆಲಕ್ಕಂಟಿಕೊಂಡು ಹಬ್ಬಿ, ಎಷ್ಟು ಮೇಯಿಸಿದರೂ ತಾಳಿಕೊಳ್ಳುತ್ತದೆ. ಎರಡನೆಯದನ್ನು ಮೊದಲನೆಯದೆಂದು ಬರೆದುಕೊಂಡರೆ, ಬಳಲಿದ ಗಾಯರಾಣ ಸೊಂಪಾಗಿದೆ ಎಂದು ಬರೆದಂತಾಗುತ್ತದೆ.

ಹತ್ತು ಪಟ್ಟು ದೊಡ್ಡದಾಗಿ ತೋರುವ ಕೈಮಸೂರದಡಿ, ಕಪ್ಪು ಕಾಗದದ ಮೇಲೆ ಒಂದು ತೆನೆಯನ್ನಿಟ್ಟು, ಹನಿ ನೀರಿನಿಂದ ನೆನೆಸಿ, ಸೂಜಿಯಿಂದ ಕಿರುತೆನೆಗಳನ್ನು, ಅಂದರೆ ಹೂ ಹೊತ್ತ ಪುಟ್ಟ ಘಟಕಗಳನ್ನು, ಬೇರ್ಪಡಿಸಿದೆ. ತೊಟ್ಟು ಇಲ್ಲದ ಕಿರುತೆನೆಯ ಕೆಳಸಿಪ್ಪೆಯ ಬೆನ್ನಿನ ಮೇಲೆ ಸೂಜಿಯಿಂದ ಚುಚ್ಚಿದಂಥ ಕುಳಿ ಕಂಡಿತು. ಪರ್ಟ್ಯೂಸಾ ಎಂದರೆ ತೂತು ಬಿದ್ದದ್ದು ಎಂದೇ ಅರ್ಥ. ಆದರೂ ಕುಳಿಯೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ, ಏಕೆಂದರೆ ಒಂಟಿ ತೆನೆಯ ಡೈಕ್ಯಾಂಥಿಯಮ್ ಫೋವಿಯೋಲೇಟಮ್‌ನಲ್ಲಿಯೂ ಅದಿರುತ್ತದೆ. ತೆನೆಯ ಕಡ್ಡಿಯಲ್ಲಿ ಎರಡು ಕೀಲುಗಳ ನಡುವಿನ ತುಂಡನ್ನು ಬೆಳಕಿಗೆ ಹಿಡಿದಾಗ ನಡುವೆ ಗಾಜಿನಂತೆ ಪಾರದರ್ಶಕವಾದ ಗೆರೆ ಕಂಡರೆ ಅದು ಬೋಥ್ರಿಯೋಕ್ಲೋವಾ. ಹುಲ್ಲು ಒಣಗಿಸಿ ಅಂಟಿಸಿ ಡೈಕ್ಯಾಂಥಿಯಮ್ ಎಂದು ಬರೆದಿಟ್ಟಿದ್ದ ನನ್ನ ಹಾಳೆಗಳಲ್ಲಿ ಕೆಲವು ಈ ಗೆರೆಯುಳ್ಳವೇ ಆಗಿದ್ದವು.

ಕುರಿ ಕಾಯುವ ಅಜ್ಜ ಅಂದೇ ಹೇಳಿದ್ದರು: “ಯವ್ವಾ, ಇವು ಎರಡೂ ಒಂದ ಅಲ್ಲ, ಕುರಿಗೆ ಗೊತ್ತೈತಿ. ಅದು ಉದ್ದ ನಿಲ್ಲತೈತಿ, ಇದು ನೆಲಾ ಬಿಟ್ಟು ಏಳಂಗಿಲ್ಲ.” ಹುಲ್ಲು ನಿಂತ ರೀತಿಯನ್ನು ನಾನು ಚೀಟಿಯಲ್ಲಿ ಬರೆದುಕೊಂಡಿರಲಿಲ್ಲ, ತುದಿಯನ್ನಷ್ಟೇ ಕುಡುಗೋಲಿನಿಂದ ಕೊಯ್ದು ತಂದಿದ್ದೆ. ಬೇರು, ಬುಡ, ಎಲೆ ಮತ್ತು ಕಾಂಡವನ್ನು ಸುತ್ತಿದ ಒರೆ ಕೂಡುವಲ್ಲಿನ ಪುಟ್ಟ ನಾಲಗೆ, ತೆನೆ ಇವೆಲ್ಲ ಒಂದೇ ಹಾಳೆಯಲ್ಲಿ ಇರಬೇಕಿತ್ತು.

ಹಳೆಯ ಹೆಸರುಗಳನ್ನು ಅಳಿಸಿಲ್ಲ. ಪ್ರತಿ ಹಾಳೆಯ ಕೆಳಗೆ ಹೊಸ ಚೀಟಿ ಅಂಟಿಸಿ, ತಿದ್ದಿದ ಹೆಸರು, ಅದಕ್ಕೆ ಕಾರಣವಾದ ಗೆರೆ, ನೋಡಿದ ದಿನಾಂಕವನ್ನು ಬರೆದಿಟ್ಟಿದ್ದೇನೆ.