ಏಳು ದಿನ ಬದುಕುವ ಜೋಕುಮಾರ ಮತ್ತು ಹೆದರಿಸುವ ಸಿನಿಮಾ

1973ರ ‘ದಿ ವಿಕರ್ ಮ್ಯಾನ್’ ನೋಡಿದವರು ಕೊನೆಯ ಬೆಂಕಿಯ ಬಗ್ಗೆ ಮಾತಾಡುತ್ತಾರೆ. ನನಗೆ ಜಾಸ್ತಿ ಹೆದರಿಕೆ ಹುಟ್ಟಿಸಿದ್ದು ಸೇಬು. ಕಾಣೆಯಾದ ಹುಡುಗಿಯನ್ನು ಹುಡುಕಿಕೊಂಡು ಸ್ಕಾಟ್ಲೆಂಡಿನ ಒಂದು ದ್ವೀಪಕ್ಕೆ ಪೊಲೀಸ್ ಸಾರ್ಜೆಂಟ್ ಬರುತ್ತಾನೆ. ಊರವರು ನಗುತ್ತಾರೆ, ಹಾಡುತ್ತಾರೆ, ಏನನ್ನೋ ಮುಚ್ಚಿಡುತ್ತಾರೆ. ಹಿಂದಿನ ವರ್ಷ ಸೇಬಿನ ಬೆಳೆ ಕೈಕೊಟ್ಟಿದೆ. ಇಷ್ಟೇ ಗುಟ್ಟು. ಅದಕ್ಕೇ ಒಬ್ಬ ಬೆಂಕಿಗೆ ಬಲಿಯಾಗಬೇಕು.

ರೋಣ ತಾಲ್ಲೂಕಿನ ಎರಿ ಹೊಲದ ಮನೆಯಲ್ಲಿ ಬೆಳೆದವನಿಗೆ ಈ ಗುಟ್ಟು ಬಿಡಿಸಿ ಹೇಳಬೇಕಾಗಿಲ್ಲ. ಹಿಂಗಾರಿ ಮಳೆ ಆಗದ ವರ್ಷ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಯಾರೂ ಮಾತಾಡುತ್ತಿರಲಿಲ್ಲ. ಬೀಜ, ಗೊಬ್ಬರಕ್ಕೆ ತಂದ ಸಾಲ ಎಲ್ಲರ ತಲೆಯಲ್ಲೂ ಕೂತಿರುತ್ತಿತ್ತು. ಕಟ್ಟೆಯ ಮೇಲೆ ಹಿರಿಯರು ಮೋಡ ನೋಡುತ್ತಾ ಕೂತಿರುತ್ತಿದ್ದರು.

ಈಗ ಗದಗಿನಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುತ್ತೇನೆ. ರಾತ್ರಿ ಫೈಲ್ ರೆಂಡರ್ ಆಗುವ ಹೊತ್ತಲ್ಲಿ ಇಂಥ ಸಿನಿಮಾಗಳನ್ನು ನೋಡುತ್ತೇನೆ. ‘ಮಿಡ್‌ಸಮ್ಮರ್’ (2019) ನೋಡಿ ಬೆರಗಾದೆ. ಸ್ವೀಡನ್ನಿನ ಬೇಸಿಗೆ ಹಬ್ಬ, ಬಿಳಿ ಬಟ್ಟೆ, ಹೂವಿನ ಕಿರೀಟ. ಎಲ್ಲ ಹಗಲು ಬೆಳಕಿನಲ್ಲೇ ನಡೆಯುತ್ತದೆ, ಆದರೂ ಮೈ ತಣ್ಣಗಾಗುತ್ತದೆ. ‘ತುಂಬಾಡ್’ನಲ್ಲಿ (2018) ಬಿಡದೆ ಸುರಿಯುವ ಮಳೆಯೇ ದೇವರ ಶಾಪ. ನಮ್ಮ ಕಡೆ ಮಳೆ ಬಾರದಿರುವುದು ಶಾಪ. ಹೆದರಿಕೆ ಕೂಡ ಮಣ್ಣಿಗೆ ತಕ್ಕ ಹಾಗೆ ಬೆಳೆಯುತ್ತದೆ ಅಲ್ವಾ?

2022ರಲ್ಲಿ ‘ಕಾಂತಾರ’ ಬಂದ ಮೇಲೆ ಭೂತ ಕೋಲ ಗೊತ್ತಿಲ್ಲದ ಕನ್ನಡಿಗರೇ ಇಲ್ಲ. ನಮ್ಮ ಕಡೆಯ ಗೆಳೆಯರು, ‘ಕರಾವಳಿಯವರಿಗೆ ದೈವ ಇದೆ, ನಮ್ಮಲ್ಲಿ ಏನೈತಿ?’ ಅಂತ ಕೇಳುತ್ತಾರೆ. ನಮ್ಮಲ್ಲಿ ಜೋಕುಮಾರ ಇದ್ದಾನೆ.

ಭಾದ್ರಪದದಲ್ಲಿ ಗಣಪ್ಪ ಬಂದು ಹೋಗುವ ಹೊತ್ತಿಗೆ ಇವನು ಹುಟ್ಟುತ್ತಾನೆ. ಮಣ್ಣಿನ ಮೂರ್ತಿ, ಅಗಲ ಕಣ್ಣು, ದೊಡ್ಡ ಬಾಯಿ. ಬುಟ್ಟಿಯಲ್ಲಿ ಬೇವಿನ ಸೊಪ್ಪು ತುಂಬಿ, ನಡುವೆ ಕೂರಿಸಿ, ಅಂಬಿಗರ ಹೆಣ್ಣುಮಕ್ಕಳು ತಲೆ ಮೇಲೆ ಹೊತ್ತು ಮನೆ ಮನೆಗೆ ಬರುತ್ತಾರೆ. ಅಂಗಳದಲ್ಲಿ ಬುಟ್ಟಿ ಇಳಿಸಿ, ಸುತ್ತ ಕೂತು ಹಾಡುತ್ತಾರೆ. ಮನೆಯವರು ಅವನ ತುಟಿಗೆ ಬೆಣ್ಣೆ ಹಚ್ಚಿ, ಮೊರದಲ್ಲಿ ಜೋಳ, ಮೆಣಸಿನಕಾಯಿ, ಉಪ್ಪು ಕೊಡುತ್ತಾರೆ. ತಿರುಗಿ ಬೇವಿನ ಸೊಪ್ಪು ಪಡೆಯುತ್ತಾರೆ. ಅದು ಹೊಲಕ್ಕೆ ಹೋಗುತ್ತದೆ.

ಅವನ ಆಯುಷ್ಯ ಏಳೇ ದಿನ. ಅಷ್ಟರಲ್ಲೇ ಬೆಳೆದು, ಸೊಕ್ಕಿ, ಮಡಿವಾಳರ ಹೆಣ್ಣಿನ ಬೆನ್ನು ಹತ್ತುತ್ತಾನೆ ಅಂತ ಕಥೆ. ಅವಳ ಮನೆಯವರು ಕೊಲ್ಲುತ್ತಾರೆ. ಹುಣ್ಣಿಮೆ ರಾತ್ರಿ ಊರ ಹೊರಗೆ ಮೂರ್ತಿಯನ್ನು ಒನಕೆಯಿಂದ ಒಡೆಯುತ್ತಾರೆ. ಊರಿಂದ ಊರಿಗೆ ರೀತಿ ಬೇರೆ. ಆಮೇಲೆ ಕೆಲವು ದಿನ ಮಡಿವಾಳರು ಬಟ್ಟೆ ಒಗೆಯಲು ಹಳ್ಳಕ್ಕೆ ಹೋಗುವುದಿಲ್ಲ. ಕೊಂದವರೇ ಸೂತಕ ಹಿಡಿಯುತ್ತಾರೆ! ಸತ್ತ ಜೋಕುಮಾರ ಶಿವನ ಹತ್ತಿರ ಹೋಗುತ್ತಾನೆ. ಕಡುಬು ತಿಂದು ಹೋದ ಗಣಪ್ಪ ‘ಭೂಲೋಕದಲ್ಲಿ ಎಲ್ಲಾ ಚಲೋ ಐತಿ’ ಅಂದಿರುತ್ತಾನೆ. ಜನರ ಕಷ್ಟ ಹೇಳಿ ಮಳೆ ಕೇಳುವವನು ಇವನು.

ನಮ್ಮೂರಲ್ಲಿ ಬುಟ್ಟಿ ಹೊರುವ ಆಯಿಗೆ ಒಮ್ಮೆ ಆ ಇಂಗ್ಲಿಷ್ ಸಿನಿಮಾದ ಕಥೆ ಹೇಳಿದೆ. ಪೂರ್ತಿ ಕೇಳಿ, ‘ಪರ ಊರಾವನ್ನ ಯಾಕ ಸುಟ್ರೋ ತಮ್ಮಾ? ನಾವು ನಮ್ಮ ಕೂಸನ್ನ ಕಳಸ್ತೀವಿ. ಅತ್ತು ಕಳಸ್ತೀವಿ’ ಅಂದಳು.

ಆ ಮಾತು ಕೇಳಿದ ಮೇಲೆ ನಾನು ಈ ಸಿನಿಮಾಗಳನ್ನು ನೋಡುವ ರೀತಿಯೇ ಬೇರೆಯಾಯಿತು. ‘ವಿಕರ್ ಮ್ಯಾನ್’ನಲ್ಲಿ ಪೊಲೀಸ್ ಬರುತ್ತಾನೆ, ‘ಮಿಡ್‌ಸಮ್ಮರ್’ನಲ್ಲಿ ಅಮೆರಿಕದ ವಿದ್ಯಾರ್ಥಿಗಳು ಬರುತ್ತಾರೆ. ಹೊರಗಿಂದ ಬಂದವರ ಬೆನ್ನ ಹಿಂದೆಯೇ ಕ್ಯಾಮೆರಾ ನಡೆಯುತ್ತದೆ. ಅವರಿಗೆ ಆಚರಣೆ ಅಂದರೆ ಹೆದರಿಕೆ. ಆಚರಣೆ ಮಾಡುವವರಿಗೆ ಹೆದರಿಕೆ ಮೊದಲೇ ಇದೆ. ಅದನ್ನು ತಡೆದುಕೊಳ್ಳುವುದಕ್ಕೇ ಆಚರಣೆ ಇರುವುದು.

ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ದಸರಾ ಹೊತ್ತಿನ ಕಾರ್ಣಿಕ, ಅಂದರೆ ವರ್ಷದ ಭವಿಷ್ಯ ನುಡಿಯುವುದನ್ನು, ನೋಡಿದವರಿಗೆ ಇದು ಗೊತ್ತು. ಉಪವಾಸ ಇದ್ದ ಗೊರವಯ್ಯ (ಮೈಲಾರಲಿಂಗನ ಭಕ್ತ) ನೆಟ್ಟಗೆ ನಿಲ್ಲಿಸಿದ ಎತ್ತರದ ಬಿಲ್ಲು ಏರುತ್ತಾನೆ. ಕೆಳಗೆ ಕಿಕ್ಕಿರಿದ ಜನ, ಡಮರುಗ, ಗಂಟೆ, ಅಳುವ ಮಕ್ಕಳು. ಮೇಲಿಂದ ‘ಸದ್ದಲೇ!’ ಅನ್ನುತ್ತಾನೆ. ಅಷ್ಟೂ ಜನ ಗಪ್. ಒಂದೇ ಸಾಲು ನುಡಿದು ಕೆಳಗೆ ಬೀಳುತ್ತಾನೆ, ಜನ ಹಿಡಿದುಕೊಳ್ಳುತ್ತಾರೆ. ಆಮೇಲೆ ಆ ಸಾಲಿಗೆ ಮಳೆ, ಬೆಳೆ, ರಾಜಕೀಯ ಅಂತ ಅರ್ಥ ಹುಡುಕುತ್ತಾರೆ. ಸೌಂಡ್ ಕೆಲಸ ಮಾಡುವವನಾಗಿ ಹೇಳುತ್ತೇನೆ, ಅಂಥ ಮೌನವನ್ನು ಯಾವ ಸ್ಟುಡಿಯೊದಲ್ಲೂ ಮಾಡಲು ಆಗುವುದಿಲ್ಲ. ಇಡೀ ವರ್ಷ ಹೇಗಿರುತ್ತದೋ ಅನ್ನುವ ಭಯ ಅದರೊಳಗೆ ಇರುತ್ತದೆ.

ಆದರೆ ನಮ್ಮ ಎಷ್ಟೋ ಹಾರರ್ ಸಿನಿಮಾಗಳಲ್ಲಿ ಲಿಂಬೆಹಣ್ಣು, ಕುಂಕುಮ, ತಲೆಬುರುಡೆ, ಕೂದಲು ಬಿಟ್ಟ ಹೆಂಗಸು, ಅಷ್ಟೇ. ಆ ಪೂಜೆ ಯಾರದು, ಯಾತಕ್ಕೆ, ಮಾಡದಿದ್ದರೆ ಏನು ಕಳೆದುಕೊಳ್ಳುತ್ತಾರೆ, ಯಾವುದೂ ಇಲ್ಲ. ನೋಡಿ ಸಿಟ್ಟು ಬರುತ್ತದೆ. ಹಳ್ಳಿಯವರ ದೇವರನ್ನು ಸುಮ್ನೆ ದೆವ್ವ ಮಾಡಿ ಕೂರಿಸುತ್ತಾರೆ.

ಜೋಕುಮಾರನ ಸಿನಿಮಾ ಯಾರಾದರೂ ಮಾಡಬೇಕು. ಬುಟ್ಟಿ ಹೊತ್ತವಳ ಕಣ್ಣಿಂದ ಮಾಡಬೇಕು. ಮೊದಲ ದಿನ ತುಟಿಗೆ ಬೆಣ್ಣೆ ಸವರಿಸಿಕೊಂಡ ಕೂಸನ್ನು ಏಳನೇ ದಿನ ಒಡೆಯಬೇಕು ಅಂತ ಅವಳಿಗೆ ಮೊದಲೇ ಗೊತ್ತು. ಗೊತ್ತಿದ್ದೂ ಮನೆ ಮನೆಗೆ ಹೊತ್ತು ಹಾಡುತ್ತಾಳೆ. ಅದರಲ್ಲಿ ದೆವ್ವ ಬೇಕಿಲ್ಲ, ದಿಢೀರ್ ಸದ್ದು ಬೇಕಿಲ್ಲ. ಆಯಿಗೆ ಬರುವ ಹಾಡುಗಳನ್ನು ಈ ಭಾದ್ರಪದದಲ್ಲಿ ರೆಕಾರ್ಡ್ ಮಾಡುತ್ತೇನೆ, ಅವಳು ಒಪ್ಪಿದ್ದಾಳೆ. ಹುಣ್ಣಿಮೆ ರಾತ್ರಿ ಮಾತ್ರ ಕ್ಯಾಮೆರಾ ಬೇಡ ಅಂದಿದ್ದಾಳೆ. ತರುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ.