ಮೆಜೆಸ್ಟಿಕ್‌ಗಿಂತ ತಗ್ಗಿನ ಬೆಟ್ಟ

ಇಂಗ್ಲೆಂಡಿನ ಶೆಫೀಲ್ಡಿನಿಂದ ಹೊರಟ ರೈಲಿನಲ್ಲಿ ಮ್ಯಾಪ್ ಬಿಡಿಸಿ ಕೂತಿದ್ದ ಬಾಗಲಕೋಟೆಯ ಗೆಳೆಯ ಇದ್ದಕ್ಕಿದ್ದಂತೆ ನಗತೊಡಗಿದ. "ಮ್ಯಾಮ್ ಟಾರ್, 517 ಮೀಟರ್. ಬೆಂಗಳೂರ ಒಂಬೈನೂರ ಐತಿ. ಅಂದ್ರ ತುದಿ ಮುಟ್ಟಿದ್ರೂ ನಾವು ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್‌ಗಿಂತ ಕೆಳಗ ಇರ್ತೀವಲೇ!" ಶಿವಮೊಗ್ಗದ ಗೆಳತಿ, ಅವಳ ಗಂಡ, ನಾನು ಎಲ್ಲರೂ ನಕ್ಕೆವು. ಮುಳ್ಳಯ್ಯನಗಿರಿ 1930 ಮೀಟರ್ ಎಂದು ನಾನೂ ಒಂದು ಮಾತು ಸೇರಿಸಿದೆ. ಸಂಜೆಯವರೆಗೆ ಆ ಮಾತು ನನ್ನನ್ನು ಕಾಡಿತು.

ಡಿಸೆಂಬರ್ ನಡುವಿನ ಶನಿವಾರ. ಆ ದಿನಗಳಲ್ಲಿ ಅಲ್ಲಿ ಬೆಳಗಾಗುವುದೇ ಎಂಟು ಗಂಟೆ ದಾಟಿದ ಮೇಲೆ, ನಾಲ್ಕಾಗುವ ಮೊದಲೇ ಸೂರ್ಯ ಮುಳುಗಿರುತ್ತಾನೆ. ಇದು ಗೊತ್ತಿದ್ದೂ ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತ, ಇನ್ನೊಂದು ಲೋಟ ಕಾಫಿ ಕುಡಿಯುತ್ತ ಹಿಡಿಯಬೇಕಿದ್ದ ರೈಲು ಬಿಟ್ಟು, ಅದರ ಮುಂದಿನದನ್ನೂ ಬಿಟ್ಟಿದ್ದೆವು. ಐದೂವರೆ ಕಿಲೋಮೀಟರಿಗೂ ಉದ್ದದ ಟಾಟ್ಲಿ ಸುರಂಗ ದಾಟಿದರೆ ಆಚೆಗೆ ಪೀಕ್ ಡಿಸ್ಟ್ರಿಕ್ಟ್. 1951ರಲ್ಲಿ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾದ ಪ್ರದೇಶ. ಉದ್ಯಾನ ಅಂದರೆ ಬೇಲಿ, ಟಿಕೆಟ್ಟು ಏನೂ ಇಲ್ಲ. ಊರು, ಹೊಲ, ಕುರಿ ಎಲ್ಲ ಅದರೊಳಗೇ. ಈಡೇಲ್‌ನಲ್ಲಿ ಇಳಿದಾಗ ಹನ್ನೊಂದೂವರೆ. ಕಣಿವೆ ತುಂಬ ಮಂಜು, ಹತ್ತು ಮಾರು ಆಚೆಯದು ಕಾಣುತ್ತಿರಲಿಲ್ಲ.

ಕಾಲುದಾರಿ ನೇರ ಯಾರದೋ ಹುಲ್ಲುಗಾವಲಿನ ನಡುವೆ ಹೋಗುತ್ತದೆ. ಗೇಟು ತೆಗೆ, ದಾಟು, ಮರೆಯದೆ ಹಾಕು. ಅಷ್ಟು ಮಾಡಿದರೆ ಯಾರೂ ಕೇಳುವುದಿಲ್ಲ. ಕುರಿಗಳ ಹಿಂಭಾಗಕ್ಕೆ ಕೆಂಪು, ನೀಲಿ ಬಣ್ಣ ಮೆತ್ತಿತ್ತು. ಒಡೆಯನ ಗುರುತಿರಬೇಕು ಎಂದುಕೊಂಡೆ. ಗೆಳತಿಯ ಗಂಡ ಇಲ್ಲಿಗೆ ಬಂದು ಹತ್ತು ವರ್ಷವಾದವರು, ತಿದ್ದಿದರು: ಟಗರಿನ ಎದೆಗೆ ಬಣ್ಣ ಹಚ್ಚಿ ಬಿಡುತ್ತಾರಂತೆ, ಅದು ಯಾವ ಕುರಿಯ ಮೇಲೆ ಹತ್ತಿದೆ ಅಂತ ಬಣ್ಣವೇ ಹೇಳುತ್ತದೆ. ಎರಡು ಮೂರು ವಾರಕ್ಕೊಮ್ಮೆ ಬಣ್ಣ ಬದಲಿಸಿದರೆ ಯಾವುದು ಮೊದಲು ಈಯುತ್ತದೆ ಅನ್ನುವ ಲೆಕ್ಕವೂ ಸಿಗುತ್ತದೆ. "ನಮ್ಮ ಕುರುಬರಿಗೆ ಹೇಳ್ಬೇಕಿದು" ಎಂದು ಬಾಗಲಕೋಟೆಯವನು ನಿಂತು ಫೋಟೋ ತೆಗೆದ. ಹೀಗೇ ಅರ್ಧ ಗಂಟೆ ಹೋಯಿತು.

ಏರು ಶುರುವಾದ ಮೇಲೆ ಮಾತು ತಾನಾಗಿ ಕಡಿಮೆಯಾಯಿತು. ಗುಡ್ಡಸಾಲು ತಗ್ಗುವ ಹಾಲಿನ್ಸ್ ಕ್ರಾಸ್ ಎಂಬ ಕಣಿಗೆ ಇನ್ನು ನೂರು ಹೆಜ್ಜೆ ಇರುವಾಗ ತಲೆಯ ಮೇಲೆ ನೀಲಿ ಕಂಡಿತು. ಮುಂದಿನ ಹತ್ತು ಹೆಜ್ಜೆಯಲ್ಲಿ ನಾವು ಮಂಜಿನಿಂದ ಮೇಲೆದ್ದಿದ್ದೆವು. ಚಳಿಗಾಲದಲ್ಲಿ ತಣ್ಣನೆಯ ಗಾಳಿ ಭಾರವಾಗಿ ಕಣಿವೆಯ ತಳದಲ್ಲೇ ಕೂತುಬಿಡುತ್ತದೆ, ಮೇಲೆ ಬಿಸಿಲು. ಎಡಕ್ಕೂ ಬಲಕ್ಕೂ ಕಾಯಿಸಿದ ಹಾಲಿನ ಕೆನೆಯಂತೆ ಮಂಜು, ನಡುವೆ ಒಂದೇ ಒಂದು ಏಣು. ತೆಂಕಣ ಕೆನೆಯನ್ನು ತೂತು ಮಾಡಿಕೊಂಡು ಹೋಪ್ ಸಿಮೆಂಟ್ ಕಾರ್ಖಾನೆಯ ಚಿಮಣಿ ನಿಂತಿತ್ತು. "ಅಂದಗೆಡಿಸಿದ್ರಲ್ಲ ಮಾರಾಯ" ಎಂದಳು ಗೆಳತಿ. "ನಮ್ಮೂರಾಗೂ ಸಿಮೆಂಟ್ ಫ್ಯಾಕ್ಟರಿ ಐತಿ, ಏನಾತೀಗ?" ಎಂದ ಬಾಗಲಕೋಟೆಯವನು.

ಈ ಹಾಲಿನ್ಸ್ ಕ್ರಾಸ್‌ನದು ಒಂದು ಕಥೆ. ಈಡೇಲ್‌ನಲ್ಲಿ ಚರ್ಚು ಇಲ್ಲದಿದ್ದ ಕಾಲದಲ್ಲಿ ಸತ್ತವರನ್ನು ಮಣ್ಣು ಮಾಡಲು ಶವಪೆಟ್ಟಿಗೆ ಹೊತ್ತು ಇದೇ ಕಣಿ ಹತ್ತಿಳಿದು ಆಚೆ ಬದಿಯ ಹೋಪ್ ಊರಿಗೆ ಒಯ್ಯುತ್ತಿದ್ದರಂತೆ. ಮುಂದೆ ಈಡೇಲ್‌ನಲ್ಲಿ ಹತ್ತಿಗಿರಣಿ ಬಂದಾಗ ಕಾಸಲ್ಟನ್ ಕಡೆಯ ಹೆಂಗಸರು ಕೆಲಸಕ್ಕೆಂದು ದಿನವೂ ಈ ಗುಡ್ಡ ದಾಟುತ್ತಿದ್ದರು. ನಮ್ಮ ಹೆಗಲ ಮೇಲೆ ಇದ್ದದ್ದು ಚಿತ್ರಾನ್ನದ ಡಬ್ಬಿ.

ಮ್ಯಾಮ್ ಟಾರ್ ತುದಿಯಲ್ಲಿ ಗಾಳಿ ಕಿವಿ ಕೊಯ್ಯುತ್ತಿತ್ತು. ಹೆಸರಿಗೆ 'ತಾಯಿಬೆಟ್ಟ' ಎಂದರ್ಥ. ಅಡಿಯ ಜೇಡಿಪದರ ಗಟ್ಟಿಯಿಲ್ಲದೆ ಮೈ ಕುಸಿಯುತ್ತಲೇ ಇರುವುದರಿಂದ ನಡುಗುವ ಬೆಟ್ಟ ಎಂಬ ಅಡ್ಡಹೆಸರೂ ಇದೆ. ಬುಡದಲ್ಲಿದ್ದ ದೊಡ್ಡ ರಸ್ತೆಯನ್ನು ರಿಪೇರಿ ಮಾಡಿ ಮಾಡಿ ಸಾಕಾಗಿ 1979ರಲ್ಲಿ ಮುಚ್ಚಿಯೇಬಿಟ್ಟರು. ಉತ್ತರಕ್ಕೆ ಕಿಂಡರ್ ಸ್ಕೌಟ್. 1932ರ ಏಪ್ರಿಲ್ 24ರಂದು ಬೆಟ್ಟದಲ್ಲಿ ನಡೆಯುವ ಹಕ್ಕು ಎಲ್ಲರಿಗೂ ಬೇಕೆಂದು, ಜಮೀನುದಾರರ ಕಾವಲುಗಾರರನ್ನು ಲೆಕ್ಕಿಸದೆ ನೂರಾರು ಜನ ಆ ಬೆಟ್ಟಕ್ಕೆ ನುಗ್ಗಿದರು, ಐವರು ಜೈಲಿಗೆ ಹೋದರು. ಶೆಫೀಲ್ಡಿನ ಒಂದು ಗುಂಪು ಅಂದು ಈಡೇಲ್ ಕಡೆಯಿಂದಲೇ ಹತ್ತಿತ್ತು. ಅವರು ಖಂಡಿತ ಎರಡು ರೈಲು ತಪ್ಪಿಸಿಕೊಂಡಿರಲಿಕ್ಕಿಲ್ಲ.

ಚಿತ್ರಾನ್ನ ಕಲ್ಲಾಗಿತ್ತು. ಗೆದ್ದದ್ದು ಬಾಗಲಕೋಟೆಯ ಖಡಕ್ ರೊಟ್ಟಿ. ಅದಕ್ಕೆ ಚಳಿಯ ಹಂಗಿಲ್ಲ. ಆದರೆ ಶೇಂಗಾ ಚಟ್ನಿಪುಡಿಯ ಮುಚ್ಚಳ ತೆಗೆದದ್ದೇ ತಡ, ಅರ್ಧ ಪುಡಿ ಗಾಳಿಗೆ ಹಾರಿ ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರ ನಾಯಿಯ ಮೂತಿಗೆ ಬಿತ್ತು. ಅದು ನಾಲ್ಕು ಸಲ ಸೀನಿತು. ಅಜ್ಜಿ ನಕ್ಕು, ಎತ್ತ ಹೋಗುತ್ತಿದ್ದೀರಿ ಎಂದು ಕೇಳಿದರು. ಲೂಸ್ ಹಿಲ್ ದಾಟಿ ಹೋಪ್‌ಗೆ ಎಂದೆ. ಟಾರ್ಚ್ ಇದೆಯೇ ಎಂದರು. ಫೋನ್ ಎತ್ತಿ ತೋರಿಸಿದೆ. ಅವರು ಫೋನ್ ನೋಡಿದರು, ನನ್ನ ಮುಖ ನೋಡಿದರು, ನಾಯಿಯ ಹಗ್ಗ ಬಿಗಿಹಿಡಿದು ಇಳಿದು ಹೋದರು.

ಇಳಿಯುವಾಗ ಹಾಸುಗಲ್ಲುಗಳ ಮೇಲೆ ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆ. ಮಳೆಗಾಲದ ಪಾಚಿಗಲ್ಲಿನ ಮೇಲೆ ಬೆಳೆದವನು ನಾನು, ಇದೇನು ಮಹಾ ಎಂದು ಕಾಲಿಟ್ಟೆ. ಮರುಕ್ಷಣ ಆಕಾಶ ನೋಡುತ್ತಿದ್ದೆ. ಫ್ಲಾಸ್ಕು ಟಣಟಣ ಉರುಳಿಕೊಂಡು ಹೋಯಿತು. ಆಮೇಲೆ ಕಲ್ಲು ಬಿಟ್ಟು ಪಕ್ಕದ ಹುಲ್ಲಿನಲ್ಲಿ ಕುಂಟುತ್ತ ನಡೆದು ಹಾಲಿನ್ಸ್ ಕ್ರಾಸಿಗೆ ಮರಳಿದಾಗ ಎರಡೂಮುಕ್ಕಾಲು. ಅಲ್ಲಿಂದ ಕಾಸಲ್ಟನ್‌ಗೆ ಇಳಿದುಬಿಡಬಹುದಿತ್ತು, ಮೂವರೂ ಅದನ್ನೇ ಹೇಳಿದರು. "ಮೆಜೆಸ್ಟಿಕ್‌ಗಿಂತ ತಗ್ಗಿನ ಗುಡ್ಡಕ್ಕೆ ಹೆದರೋದಾ?" ಎಂದವನು ನಾನೇ.

ಬ್ಯಾಕ್ ಟಾರ್‌ನ ಕಡಿದಾದ ಏರಿನಲ್ಲಿ ಕೈಕಾಲು ಎರಡೂ ಊರಬೇಕಾಯಿತು. ಮೇಲೆ ಬಂದಾಗ ಸೂರ್ಯ ಮ್ಯಾಮ್ ಟಾರ್ ಹಿಂದೆ ಜಾರುತ್ತಿದ್ದ, ಮಂಜೆಲ್ಲ ಕುಂಕುಮ ಕಲಸಿದ ಹಾಗೆ. ಹಾಗೆ ನೋಡುತ್ತ ಹತ್ತು ನಿಮಿಷ ನಿಂತದ್ದಕ್ಕೆ ನನಗೆ ಈಗಲೂ ಬೇಸರವಿಲ್ಲ. ಲೂಸ್ ಹಿಲ್ ಇಳಿಯುವಷ್ಟರಲ್ಲಿ ಕತ್ತಲು. ಟಾರ್ಚ್ ಹಾಕಿದ ಎರಡೇ ನಿಮಿಷಕ್ಕೆ, ನಲವತ್ತು ಪರ್ಸೆಂಟ್ ಚಾರ್ಜ್ ಇದ್ದ ನನ್ನ ಫೋನು ಚಳಿಗೆ ಸತ್ತಿತು. ಗೆಳತಿಯದೊಂದೇ ಬೆಳಕು. ಅವಳು ಮುಂದೆ, ಒಬ್ಬರ ಬ್ಯಾಗಿನ ಪಟ್ಟಿ ಇನ್ನೊಬ್ಬರು ಹಿಡಿದು ಮೂವರು ಹಿಂದೆ. ಬೆಳಕು ತಾಗಿದಲ್ಲೆಲ್ಲ ಕುರಿಗಳ ಕಣ್ಣು ಹಸಿರಾಗಿ ಹೊಳೆಯುತ್ತಿತ್ತು. ಗೇಟುಗಳನ್ನು ಕೈಯಲ್ಲಿ ತಡವಿ ಹುಡುಕಿದೆವು. ದಿಕ್ಕು ತೋರಿಸಿದ್ದು ಆ ಸಿಮೆಂಟ್ ಕಾರ್ಖಾನೆಯ ದೀಪಗಳು, ಮಂಜಿನಲ್ಲಿ ಹಳದಿ ಕಲೆಯ ಹಾಗೆ. "ಈಗ ಅಂದ ಐತಿಲ್ರಿ?" ಎಂದ ಬಾಗಲಕೋಟೆಯವನು. ಗೆಳತಿ ಉತ್ತರ ಕೊಡಲಿಲ್ಲ, ನೆಟ್ಟಗೆ ಅತ್ತಲೇ ನಡೆದಳು.

ಹೋಪ್ ನಿಲ್ದಾಣದಲ್ಲಿ ರೊಟ್ಟಿಯ ಚೂರು ಹಂಚಿಕೊಂಡು ತಿಂದು ರೈಲು ಹತ್ತಿದೆವು. ಸೊಂಟ ನೋಯುತ್ತಿತ್ತು. ಹೀಟರಿನ ಬಿಸಿಗೆ ಜೇಬಿನಲ್ಲಿದ್ದ ಫೋನನ್ನು ತೆಗೆದು ಗುಂಡಿ ಒತ್ತಿದೆ. ಏನೂ ಆಗದವರಂತೆ ಹೊತ್ತಿಕೊಂಡಿತು: ಮೂವತ್ತೆಂಟು ಪರ್ಸೆಂಟ್.

"ಆ ಅಜ್ಜಿಗೆ ತೋರಿಸ್ಬೇಕಿತ್ತು ನೋಡಿದನ್ನ" ಎಂದ ಬಾಗಲಕೋಟೆಯವನು, ಮಣ್ಣಾದ ಬೂಟಿನ ದಾರ ಬಿಚ್ಚುತ್ತ.