ಎರಡೂವರೆ ಕೆಜಿ ನೀರು

ಬೆಳಗಿನ ಜಾವ ನಾಲ್ಕಕ್ಕೆ ರಾಯಚೂರಿನ ತೀನ್ ಕಂದೀಲ್ ಹತ್ತಿರ ಐದು ಜನ ನಡುವಯಸ್ಸಿನ ಗಂಡಸರು ಚಡ್ಡಿ ಹಾಕಿಕೊಂಡು ನಿಂತರೆ ನಾಯಿಗಳು ಸುಮ್ನೆ ಬಿಡ್ತಾವಾ? ಮೊದಲ ಅರ್ಧ ಕಿಲೋಮೀಟರ್ ನಾವು ಮ್ಯಾರಥಾನ್ ಓಡಲಿಲ್ಲ, ಜೀವ ಉಳಿಸಿಕೊಳ್ಳೋಕೆ ಓಡಿದೆವು. ಡಿಸೆಂಬರ್ ತಿಂಗಳ ಭಾನುವಾರ. ರಾಯಚೂರಲ್ಲೂ ಸ್ವೆಟರ್ ಬೇಕಾಗುವ ಒಂದೆರಡು ವಾರ ಇರ್ತವಲ್ಲ, ಅಂಥದ್ದೊಂದು ದಿನ. ಅದನ್ನು ಬಿಟ್ಟರೆ ಈ ಊರಲ್ಲಿ 42 ಕಿಲೋಮೀಟರ್ ಓಡೋ ಮಾತು ಎತ್ತಲೇಬಾರದು.

ಇದೆಲ್ಲ ಶುರುವಾಗಿದ್ದು ಟೇಲರ್ ಕಾಕಾನಿಂದ. ನಮ್ಮ ಓಣಿಯಲ್ಲೇ ಅವರ ಅಂಗಡಿ ಇತ್ತು. ನಾವು ಐದೂ ಜನ ಹತ್ತನೇ ಕ್ಲಾಸ್ ಮುಗಿಸೋವರೆಗೆ ತೊಟ್ಟಿದ್ದು ಅವರು ಹೊಲಿದ ಯೂನಿಫಾರ್ಮ್. 'ಬೆಳೆಯೋ ಹುಡುಗ್ರು' ಅಂತ ಎರಡು ಇಂಚು ಬಟ್ಟೆ ಒಳಗೆ ಮಡಚಿ ಹೊಲಿಯೋರು. ಮುಂದಿನ ಜೂನ್‌ಗೆ ಅದನ್ನು ಬಿಚ್ಚಿ ಇಳಿಸಿದರೆ ಹಳೇ ಮಡಿಕೆಯ ಗುರುತು ಮೊಣಕಾಲ ಹತ್ತಿರ ಗೆರೆ ಎಳೆದಂಗೆ ಕಾಣೋದು. ಅವರಿಗೆ ಸಕ್ಕರೆ ಕಾಯಿಲೆ ಬಂತು, ಅದು ಕಿಡ್ನಿಗೆ ಇಳೀತು. ಅಂಗಡಿ ಮುಚ್ಚಿ ಊರು ಸೇರಿದರು.

ಆಮೇಲೆ ಅವರನ್ನು ನಾನು ನೋಡಿದ್ದು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ. ಡಯಾಲಿಸಿಸ್ ಮುಗಿಸಿ ಬಂದಿದ್ದರು, ಅಂದರೆ ಕಿಡ್ನಿ ಮಾಡಬೇಕಾದ ಕೆಲಸಾನ ಮಷೀನ್ ಮಾಡೋದು: ರಕ್ತ ಸೋಸಿ, ಮೈಯಲ್ಲಿ ಹೆಚ್ಚಾದ ನೀರು ತೆಗೆಯೋದು. ಮುಖ ಬೂದಿ ಬಣ್ಣ. ಪಕ್ಕದಲ್ಲಿ ಕಾಕಿ.

"ಡಯಾಲಿಸಿಸ್ ಫ್ರೀ ಐತಿ ಬಿಡಪ್ಪ. ಬಸ್ಸಿಂದೇ ತ್ರಾಸು" ಅಂದರು. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಲ್ಲಿ ಟಿಕೆಟ್ ಇಲ್ಲ. ಹಂಗಾಗಿ ಕಾಕಿಗೆ ಕಾಸಿಲ್ಲ. "ಕರಕೊಂಡು ಬರಾಕಿಗೆ ಫ್ರೀ, ಜಡ್ಡಿದ್ದಾಂವಗ ಟಿಕೀಟು!" ಅಂತ ನಕ್ಕರು. ವಾರಕ್ಕೆ ಎರಡು ಸಲ ಬಸ್ಸು, ಬಸ್ ಸ್ಟ್ಯಾಂಡಿಂದ ಆಸ್ಪತ್ರೆಗೆ ಆಟೋ. ಒಂದು ಸಲಕ್ಕೆ ನೂರಾ ಎಂಬತ್ತು ರೂಪಾಯಿ ಅಂದರೂ ತಿಂಗಳಿಗೆ ಸಾವಿರದ ನಾನೂರು ದಾಟುತ್ತೆ. ದುಡಿಮೆ ನಿಂತ ಮನೆಗೆ ಅದು ಸಣ್ಣ ಮಾತಲ್ಲ. ದುಡ್ಡಿಲ್ಲ ಅಂತ ಒಂದು ಸಲ ತಪ್ಪಿಸಿದರೆ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತೆ. ಮೆಡಿಕಲ್ ಶಾಪ್ ಇಟ್ಟಿರೋ ಗೆಳೆಯ ವಿಚಾರಿಸಿದಾಗ ಇದೇ ಥರ ಒದ್ದಾಡುತ್ತಿದ್ದ ಇನ್ನೂ ಐದು ಜನ ಸಿಕ್ಕರು.

ಓಡೋಣ ಅಂದಿದ್ದು ನಮ್ಮ ಪಿಟಿ ಸರ್. ಅವನೂ ನಮ್ಮ ಬೆಂಚ್‌ಮೇಟೇ, ಈಗ ಪಿಟಿ ಮೇಷ್ಟ್ರು ಆಗಿದ್ದಾನೆ ಅಷ್ಟೆ. ಕಿಲೋಮೀಟರಿಗೆ ಇಷ್ಟು ಅಂತ ಜನರ ಹತ್ತಿರ ಬರೆಸಿಕೊಳ್ಳೋದು, ಓಡಿದಷ್ಟಕ್ಕೆ ವಸೂಲಿ. ನನಗೆ ಇದು ಸರಿ ಕಾಣಲಿಲ್ಲ. ದುಡ್ಡು ಬೇಕಾದರೆ ನೆಟ್ಟಗೆ ಹೋಗಿ ಕೇಳಬೇಕು. ನಾವು ಬೆವರು ಸುರಿಸಿದರೆ ಮಾತ್ರ ಕೊಡ್ತಾರೆ ಅನ್ನೋದು ಯಾವ ಸೀಮೆ ಲೆಕ್ಕ?

ಗಂಜ್ ಮಾರ್ಕೆಟ್ಟಿನ ಸಾಹುಕಾರರೊಬ್ಬರು ಇದೇ ಪ್ರಶ್ನೆ ಕೇಳಿದರು. "ನೀವು ಓಡಿದ್ರ ಅವರ ಕಿಡ್ನಿಗೆ ಏನಾಗತೈತಿ?" ಉತ್ತರ ನನ್ನ ಹತ್ತಿರ ಇರಲಿಲ್ಲ. ಅವರೇ ಸ್ವಲ್ಪ ಹೊತ್ತು ಹತ್ತಿ ಚೀಲ ಹೊರುತ್ತಿದ್ದ ಹಮಾಲರ ಕಡೆ ನೋಡಿದರು. "ಇರಲಿ. ಇಲ್ಲೂ ಚೀಲದ ಲೆಕ್ಕದಾಗ ಕೂಲಿ. ಕಿಲೋಮೀಟರಿಗೆ ನೂರು ಬರ್ಕೊ." ಪಕ್ಕದಲ್ಲಿದ್ದ ಹಮಾಲನೊಬ್ಬ, "ನಂದು ಎರಡು ರೂಪಾಯಿ" ಅಂದ. ಅವತ್ತಿಂದ ನಾನು ವಾದ ಬಿಟ್ಟೆ. ದಾನ ಅಂದರೆ ಎರಡು ರೂಪಾಯಿ ಕೊಡೋಕೆ ಯಾರಿಗಾದರೂ ನಾಚಿಕೆ. ಕಿಲೋಮೀಟರ್ ಲೆಕ್ಕದಲ್ಲಿ ಅದು ಎಂಬತ್ನಾಲ್ಕು ಆಗುತ್ತೆ.

ತಯಾರಿ ನಾಲ್ಕು ತಿಂಗಳು. ಅದರ ಕಥೆ ಬೇಡ, ಮೊಣಕಾಲು ನೋವಿನ ಹೊರತು ಅದರಲ್ಲಿ ಏನೂ ಇಲ್ಲ.

ದಾರಿ ಸರಳ. ಶಕ್ತಿನಗರದ ರಸ್ತೆ ಹಿಡಿಯೋದು, 21 ಕಿಲೋಮೀಟರ್ ಆದ ಕಡೆ ಹೊಳ್ಳಿ ಬರೋದು. ಪಿಟಿ ಸರ್ ಹಿಂದಿನ ದಿನವೇ ಬೈಕಲ್ಲಿ ಅಳೆದು ಸುಣ್ಣದ ಗುರುತು ಹಾಕಿ ಬಂದಿದ್ದ. ಬ್ಯಾಂಕಿನ ಗೆಳೆಯನದು ಒಂದೇ ಹಟ: ಮ್ಯಾರಥಾನ್ ಅಂದರೆ 42 ಅಲ್ಲ, 42 ಕಿಲೋಮೀಟರ್ 195 ಮೀಟರ್. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅರಮನೆಯಿಂದ ಶುರು ಮಾಡಿ ರಾಜರ ಮನೆಯವರು ಕೂತ ಕಡೆ ಮುಗಿಸೋಕೆ ಹೋಗಿ ಆ ಉದ್ದ ಬಂತಂತೆ, 1921ರಲ್ಲಿ ಅದೇ ಖಾಯಂ ಆಯಿತು. "ಆ 195 ಮೀಟರಿಗೆ ದುಡ್ಡು ಯಾರಪ್ಪ ಕೊಡ್ತಾರೆ?" ಅಂದೆ. ಕೊನೆಗೆ ಕೋಟೆ ಗೋಡೆಯ ಪಕ್ಕ ಒಂದಿಷ್ಟು ಜಾಸ್ತಿ ಓಡಿ ಮುಗಿಸೋದು ಅಂತಾಯಿತು. ಅಲ್ಲಿ 1294ರ ಶಾಸನ ಇರೋ ನಲವತ್ತೊಂದು ಅಡಿ ಉದ್ದದ ಕಲ್ಲಿದೆ. ಆ ಕಲ್ಲನ್ನು ಬಂಡಿ ಮೇಲೆ ಎಳೆದು ತಂದ ಚಿತ್ರವನ್ನೂ ಕೆತ್ತಿದ್ದಾರೆ. ಸುಸ್ತಾದವರು ಕೂತು ನೋಡೋಕೆ ಒಳ್ಳೇ ಜಾಗ. ಹೊರಡುವ ಮುಂಚೆ ಪಿಟಿ ಸರ್ ಎಲ್ಲರನ್ನೂ ತೂಕದ ಮಷೀನ್ ಮೇಲೆ ನಿಲ್ಲಿಸಿ ಬರೆದುಕೊಂಡ. ನಾನು 71.4.

ಎದುರಿನ ಗಾಡಿ ಕಾಣಲಿ ಅಂತ ಬಲಗಡೆ ಓಡಿದೆವು. ಹಿಂದೆ ನನ್ನ ತಮ್ಮನ ಬೈಕು, ಅದರಲ್ಲಿ ನೀರಿನ ಕ್ಯಾನು, ಉಪ್ಪು ಹಾಕಿದ ಮಜ್ಜಿಗೆ, ಬೆಲ್ಲ, ಶೇಂಗಾ ಚಿಕ್ಕಿ. ಚಿಕ್ಕಸುಗೂರು ಹತ್ತಿರ ಚಹಾದಂಗಡಿ ಮುಂದೆ ಒಬ್ಬ ಅಜ್ಜಿ ಕಸ ಗುಡಿಸುತ್ತಿದ್ದರು. ನಮ್ಮನ್ನು ನೋಡಿ ಪೊರಕೆ ನಿಲ್ಲಿಸಿದರು.

"ಮಂತ್ರಾಲಯಕ್ಕೇನ್ರಪ್ಪ? ಅದು ಈ ಕಡಿಗಲ್ಲ, ದಾರಿ ತಪ್ಪೀರಿ."

"ಇಲ್ಲಬೇ, ಶಕ್ತಿನಗರಕ್ಕ."

"ಅಲ್ಲೇನೈತಿ?"

"ಏನಿಲ್ಲ. ಹೋಗಿ ಹೊಳ್ಳಿ ಬರೋದು."

ಅಜ್ಜಿ ಸ್ವಲ್ಪ ಯೋಚನೆ ಮಾಡಿದರು. "ಹರಕಿ ಇದ್ರ ಹಂಗ" ಅಂತ ತಾವೇ ತೀರ್ಮಾನಿಸಿ ಐದು ಕಪ್ ಚಹಾ ಕೊಟ್ಟರು. ದುಡ್ಡು ಮುಟ್ಟಲಿಲ್ಲ. ನಮ್ಮ ಕಡೆ ಯುಗಾದಿ ಮುಂದೆ ಶ್ರೀಶೈಲಕ್ಕೆ ಸಾವಿರಾರು ಜನ ನಡೆದು ಹೋಗ್ತಾರೆ. ಕಾಲ್ನಡಿಗೆಯಲ್ಲಿ ಹೋಗೋರಿಗೆ ನೀರು, ಊಟ ಕೊಟ್ಟು, ಕಾಲು ಒತ್ತಿ ಕಳಿಸೋದು ಇಲ್ಲಿನವರಿಗೆ ಹೊಸದಲ್ಲ. ಓಟದ ನಡುವೆ ಬಿಸಿ ಚಹಾ ಕುಡೀಬೇಕು ಅಂತ ಯಾವ ಕೋಚೂ ಹೇಳಲ್ಲ. ನಾವು ಕುಡಿದೆವು.

ಕತ್ತಲಲ್ಲಿ ಶಕ್ತಿನಗರದ ಚಿಮಣಿಗಳ ಕೆಂಪು ದೀಪ ದೂರದಿಂದಲೇ ಕಂಡಿತು. 1985ರಿಂದ ಕರೆಂಟ್ ಕೊಡ್ತಿರೋ ಸ್ಥಾವರ ಅದು. ಎಂಟು ಘಟಕ, 1,720 ಮೆಗಾವ್ಯಾಟ್. ಆ ದೀಪಗಳ ಒಂದು ಕೆಟ್ಟ ಗುಣ ಅಂದರೆ ಎಷ್ಟು ಓಡಿದರೂ ಹತ್ತಿರ ಬರಲ್ಲ. ಬೆಳಕು ಹರಿದು ದೀಪ ಮಂಕಾದ ಮೇಲೆ ನೋಡಿದರೆ ಚಿಮಣಿ ಎದುರಿಗೇ ನಿಂತಿದ್ದವು. ಮೆಡಿಕಲ್ ಗೆಳೆಯ ತನ್ನ ಪಾಲು 21 ಅಂತ ಮೊದಲೇ ಹೇಳಿದ್ದ. ಬೈಕ್ ಹತ್ತಿ ಕೂತ. ಅವನನ್ನು ಅಷ್ಟು ಹೊಟ್ಟೆಕಿಚ್ಚಿಂದ ನಾನು ಯಾವತ್ತೂ ನೋಡಿಲ್ಲ.

ಮೈಯಲ್ಲಿ ಕೂಡಿಟ್ಟ ಸಕ್ಕರೆ ಹೆಚ್ಚು ಕಮ್ಮಿ 30 ಕಿಲೋಮೀಟರಿಗೆ ಮುಗಿಯುತ್ತೆ ಅಂತ ಕೇಳಿದ್ದೆ. ನನ್ನದು 33ಕ್ಕೆ ಮುಗೀತು. ನಾಯಿಗಳ ಭಯಕ್ಕೆ ಶುರುವಲ್ಲೇ ಜೋರಾಗಿ ಓಡಿದ್ದು ಈಗ ಬಡ್ಡಿ ಸಮೇತ ವಸೂಲಾಯಿತು. ಎಡಗಾಲಿನ ಮೀನಖಂಡ ಗಂಟು ಕಟ್ಟಿತು. ಉಳಿದವರು ಮುಂದೆ ಹೋದರು. ಎಂಟೂವರೆ ಬಿಸಿಲಲ್ಲಿ, ಲಾರಿಗಳು ಎಬ್ಬಿಸಿದ ದೂಳಲ್ಲಿ, ನಾನು ಕುಂಟುತ್ತಾ ನಡೆದೆ. ಪ್ರತಿ ಸುಣ್ಣದ ಗುರುತಿಗೂ ಒಬ್ಬೊಬ್ಬರ ಲೆಕ್ಕ ಹೇಳಿಕೊಂಡೆ: ಸಾಹುಕಾರರ ನೂರು, ಹಮಾಲನ ಎರಡು, ನಮ್ಮ ಹಾಲಿನವನ ಐದು.

ಕೋಟೆ ಗೋಡೆ ಮುಟ್ಟಿದಾಗ ಒಂಬತ್ತು ನಲವತ್ತು. ಅಲ್ಲಿ ಟೇಲರ್ ಕಾಕಾ ನಿಂತಿದ್ದರು. ಪಕ್ಕದಲ್ಲಿ ಕಾಕಿ. ಬರ್ತೀವಿ ಅಂತ ಯಾರಿಗೂ ಹೇಳಿರಲಿಲ್ಲ.

ನಾನು ನೆಲಕ್ಕೆ ಕೂತೆ, ಕೂತ ತಕ್ಷಣ ಮೀನಖಂಡ ಮತ್ತೆ ಸೆಟೆದುಕೊಂಡಿತು, ಕೂಗಿದೆ. ಪಿಟಿ ಸರ್ ಬರೋದರೊಳಗೆ ಕಾಕಾ ಕುಕ್ಕರಗಾಲಲ್ಲಿ ಕೂತು ನನ್ನ ಶೂ ಬಿಚ್ಚಿ, ಕಾಲ್ಬೆರಳು ಹಿಡಿದು ನನ್ನ ಕಡೆಗೇ ಮಡಚಿದರು. "ಮೊಣಕಾಲು ನೆಟ್ಟಗಿಡು. ಉಸಿರು ಬಿಡು." ಅರ್ಧ ನಿಮಿಷದಲ್ಲಿ ಗಂಟು ಸಡಿಲ ಆಯಿತು.

"ನಿಮಗೆ ಹೆಂಗ ಗೊತ್ತು ಕಾಕಾ?"

"ಮಷೀನು ನೀರು ಎಳೆದಾಗ ನಮಗೂ ಹಿಂಗ ಆಗತೈತಿ. ನರ್ಸಮ್ಮ ಹೇಳಿಕೊಟ್ಟಾಳ."

ಮೆಡಿಕಲ್ ಗೆಳೆಯ ತೂಕ ಮಾಡಿಸಿದ. 68.9. ದಾರಿಯುದ್ದಕ್ಕೂ ಮೂರು ಲೀಟರ್ ಕುಡಿದರೂ ಎರಡೂವರೆ ಕೆಜಿ ಇಳಿದಿದ್ದೆ. ಕಾಕಾ ಬಗ್ಗಿ ಮಷೀನ್ ನೋಡಿದರು.

"ನಂದೂ ಅಷ್ಟ. ಶುಕ್ರವಾರ ಎರಡೂವರೆ ತಗದ್ರು, ನಾಕು ತಾಸಿನಾಗ. ನಿಂದೆಷ್ಟು ತಾಸು?"

"ಐದು ತಾಸು ನಲವತ್ತು ನಿಮಿಷ."

"ಮತ್ತ ನಾನ ಫಸ್ಟು!"

ಎಲ್ಲರಿಗೂ ನೀರಿನ ಬಾಟಲಿ ಮುಚ್ಚಳ ತಿರುಗಿಸಿ ಕೊಡುತ್ತಿದ್ದವರೂ ಅವರೇ. ಚಹಾ, ಸಾರು ಎಲ್ಲ ಸೇರಿ ದಿನಕ್ಕೆ ಒಂದು ಲೀಟರ್ ಒಳಗೇ ಇರಬೇಕು ಅಂತ ಅವರಿಗೆ ಕಟ್ಟುನಿಟ್ಟು. ನಾನು ಗಟಗಟ ಕುಡಿಯೋದನ್ನು ನೋಡುತ್ತಾ ನಿಂತಿದ್ದರು. ಆಮೇಲೆ ಒಂದು ಮುಚ್ಚಳದಷ್ಟು ನೀರು ಬಾಯಿಗೆ ಹಾಕಿಕೊಂಡು, ಮುಕ್ಕಳಿಸಿ, ಉಗುಳಿ, ಮುಚ್ಚಳ ಒರೆಸಿ ತಿರುಗಿಸಿದರು. ನನಗೆ ಬಾಟಲಿ ಪೂರ್ತಿ ಮಾಡೋಕೆ ಆಗಲಿಲ್ಲ. "ಕುಡಿ, ಕುಡಿ. ಚೆಲ್ಲಬ್ಯಾಡ" ಅಂದರು.

ಒಟ್ಟು 61,340 ರೂಪಾಯಿ ಕೂಡಿತು. ಆರು ಜನರಿಗೆ ಏಳು ತಿಂಗಳ ಬಸ್ಸು, ಆಟೋ. ನಡೆದ ಕಿಲೋಮೀಟರಿಗೂ ಕೊಡ್ತೀರಾ ಅಂತ ಕೇಳಿದ್ದಕ್ಕೆ ಸಾಹುಕಾರರು "ನಾ ಕಿಲೋಮೀಟರ್ ಅಂದಿದ್ದೆ, ಓಡು ಅಂದಿರಲಿಲ್ಲ" ಅಂದರು. ಎಣಿಸಿ ಕೊಟ್ಟಿದ್ದು 4,219 ರೂಪಾಯಿ ಐವತ್ತು ಪೈಸೆ. ಆ ಎಂಟಾಣೆ ನಾಣ್ಯ ಎಲ್ಲಿಂದ ಹುಡುಕಿ ತಂದರೋ.

ಅವತ್ತು ಭಾನುವಾರ, ಡಯಾಲಿಸಿಸ್ ಇಲ್ಲದ ದಿನ ಅನ್ನೋದು ನನಗೆ ಹೊಳೆದಿದ್ದು ಕಾಕಾ ಬಸ್ಸಿಗೆ ಎದ್ದಾಗ. ಬಸ್ ಚಾರ್ಜ್ ಕೂಡಿಸೋಕೆ ಓಡಿದವರನ್ನು ನೋಡೋಕೆ ಈ ಮನುಷ್ಯ ಬಸ್ ಚಾರ್ಜ್ ಕೊಟ್ಟು ಬಂದಿದ್ದಾರೆ. ಸೊಂಟದ ಚೀಲದಿಂದ ನೋಟು ತೆಗೆದೆ. ಕಾಕಾ ನನ್ನ ಕೈ ಹಿಂದಕ್ಕೆ ತಳ್ಳಿದರು.

"ಅದು ದವಾಖಾನಿಗೆ ಹೋಗೋ ರೊಕ್ಕ. ಇದು ನಾ ತಿರುಗಾಡಾಕ ಬಂದದ್ದು."

ಬಸ್ ಹತ್ತಿಸಿ ಬರೋಣ ಅಂತ ಏಳೋಕೆ ಹೋದೆ, ಕಾಲು ಏಳಲಿಲ್ಲ. ಕಾಕಿ ಮುಂದೆ, ಕಾಕಾ ಹಿಂದೆ, ಇಬ್ಬರೂ ರಸ್ತೆ ದಾಟಿ ಬಸ್ ಸ್ಟ್ಯಾಂಡ್ ಕಡೆ ಹೋದರು.